ಬೆಳ್ಳಗಾದ ಪರದೆ, ಪುಕ್ಕಟೆ ಥೀಮ್: ಸಾಲೋಟಗಿಯಿಂದ ಒಂದು ಮಾತು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

 

ರಾತ್ರಿ ಹತ್ತೂವರೆಗೆ ನಮ್ಮೂರಿನ ಕಾಕಾ ಒಬ್ರು ಫೋನ್ ಮಾಡಿದ್ರು. "ತಮ್ಮಾ, ನಿನ್ನ ಸೈಟ್ ಏನ ಆಗ್ಯದೋ? ಬರೇ ಬೆಳ್ಳಗ ಕಾಣಾಕತ್ತದ." ಅವರ ಮಗಳಿಗೆ ಬೆಂಗಳೂರಿನ ಕಾಲೇಜಿನಲ್ಲಿ ಸೀಟ್ ಸಿಕ್ಕಿತ್ತು. ಮರುದಿನ ಹೊರಡಬೇಕು. ಅಲ್ಲಿ ಇಳಿದ ಮೇಲೆ ಯಾರ ಮನೆಗೆ ಹೋಗಬೇಕು, ಯಾವ ಪಿಜಿ ನಂಬಬಹುದು, ಎಲ್ಲಾ ನಮ್ಮ ಸೈಟ್‌ನಲ್ಲೇ ಇತ್ತು. ಆ ಸೈಟ್ ಅವತ್ತು ಸಂಜೆ ನನ್ನ ಕೈಯಿಂದಲೇ ಕೆಟ್ಟಿತ್ತು. ಹೆಂಗೆ ಕೆಟ್ಟಿತು, ಹೆಂಗೆ ಸರಿ ಮಾಡಿದೆ, ಸರಿ ಮಾಡಿದ ಮೇಲೂ ಯಾಕೆ ನಿದ್ದೆ ಬರಲಿಲ್ಲ, ಇವತ್ತು ಅದನ್ನೇ ಹೇಳ್ತೀನಿ.

ಸಾಲೋಟಗಿ ಮತ್ತು 27 ಮನೆಗಳು

ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕಿನ ಸಾಲೋಟಗಿ. ಇಂಡಿ ಅಂದ್ರೆ ನಿಮಗೆ ಲಿಂಬೆಹಣ್ಣು ನೆನಪಾಗಬಹುದು. ಇತಿಹಾಸ ಓದಿದವರಿಗೆ ಸಾಲೋಟಗಿ ಅಂದ್ರೆ ಒಂದು ಕಂಬದ ಶಾಸನ. ಕ್ರಿ.ಶ. 945, ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲ. ಆತನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ಆಗ ಊರಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ನಾಡುಗಳಿಂದ ಓದಲು ಬಂದವರು ಉಳಿಯೋಕೆ 27 ವಸತಿಗಳಿದ್ದವು. ಖರ್ಚಿಗೆ ಭೂಮಿ ಬಿಟ್ಟಿದ್ದರು. ಊರಿನವರೂ ಕೈಜೋಡಿಸಬೇಕಿತ್ತು: ಮನೆಯಲ್ಲಿ ಲಗ್ನವಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಎರಡೂವರೆ.

ಸಾವಿರ ವರ್ಷದ ಹಿಂದೆ ಹೊರಗಿನವರು ಓದೋಕೆ ನಮ್ಮೂರಿಗೆ ಬರ್ತಿದ್ರು. ಈಗ ನಾವು ಓದೋಕೆ, ದುಡಿಯೋಕೆ ಸೋಲಾಪುರ, ಪುಣೆ, ಗೋವಾ, ಬೆಂಗಳೂರಿಗೆ ಹೋಗ್ತೀವಿ. ಹೋದ ಕಡೆ ನಮಗೆ ಯಾರು 27 ಮನೆ ಕಟ್ಟಿಟ್ಟಿದ್ದಾರೆ? ಅದಕ್ಕೇ ನಾವು ನಾಲ್ಕು ಜನ ಸೇರಿ ಒಂದು ಸೈಟ್ ಮಾಡಿದ್ವಿ. ಯಾವ ಊರಲ್ಲಿ ನಮ್ಮವರು ಯಾರಿದ್ದಾರೆ, ಯಾವ ರೂಮ್ ಖಾಲಿ ಇದೆ, ಯಾವ ಪುಸ್ತಕ ಯಾರ ಹತ್ತಿರ ಇದೆ. ವಾಟ್ಸಾಪ್ ಗ್ರೂಪ್ ಇತ್ತು ನಿಜ, ಆದ್ರೆ ಬೆಳಗ್ಗೆ ಹಾಕಿದ ಸುದ್ದಿ ಸಂಜೆಗೆ ಗುಡ್ ನೈಟ್ ಫೋಟೋಗಳ ಕೆಳಗೆ ಹೂತುಹೋಗ್ತಿತ್ತು.

ಥೀಮ್ ಅಂದ್ರೆ ಏನು, ಪ್ಲಗಿನ್ ಅಂದ್ರೆ ಏನು

ವರ್ಡ್‌ಪ್ರೆಸ್ ಅನ್ನೋದು ಮನೆ ಅಂತ ತಿಳ್ಕೊಳ್ರಿ. 2003ರಿಂದ ಇದೆ, ಪುಕ್ಕಟೆ, ಯಾರು ಬೇಕಾದರೂ ಬಳಸಬಹುದು. ಬಡ್ಡಿಪ್ರೆಸ್ ಅನ್ನೋ ಪ್ಲಗಿನ್ ಆ ಮನೆಗೆ ಪಡಸಾಲೆ ಕಟ್ಟಿಕೊಡುತ್ತೆ. ಸದಸ್ಯರ ಪಟ್ಟಿ, ಪ್ರೊಫೈಲ್, ಗುಂಪು, ಒಬ್ಬರಿಗೊಬ್ಬರು ಸಂದೇಶ, ನಾಲ್ಕು ಜನ ಕೂತು ಮಾತಾಡೋ ಜಾಗ ಅದು. ಥೀಮ್ ಅಂದ್ರೆ ಸುಣ್ಣ-ಬಣ್ಣ, ಬಾಗಿಲು, ಕಿಟಕಿ.

ಎಲ್ಲರೂ ಇಲ್ಲೇ ಎಡವೋದು. ಬಡ್ಡಿಪ್ರೆಸ್‌ಗೆ ಅದರದೇ ವಿಶೇಷ ಥೀಮ್ ಬೇಕು ಅಂತ ಈಗಲೂ ಹುಡುಕ್ತಾರೆ. ಮೊದಲು ಹಂಗೇ ಇತ್ತು. 2013ರಲ್ಲಿ 1.7 ಆವೃತ್ತಿ ಬಂದ ಮೇಲೆ ಅದು ಸಾಮಾನ್ಯವಾಗಿ ಯಾವ ಥೀಮ್ ಜೊತೆಗೂ ಹೊಂದ್ಕೊಂಡು ಹೋಗುತ್ತೆ. 2018ರ 3.0 ಆವೃತ್ತಿಯಿಂದ ನೂವೋ ಅನ್ನೋ ಟೆಂಪ್ಲೇಟ್ ಪ್ಯಾಕ್ ಅದರೊಳಗೇ ಇದೆ. ಇದು ನನಗೆ ಮೊದಲೇ ಗೊತ್ತಿದ್ದಿದ್ರೆ ಇವತ್ತು ಈ ಕತೆನೇ ಇರ್ತಿರಲಿಲ್ಲ.

ಮೊದಲ ವರ್ಷದ ಮೂರು ತಕರಾರು

ಮೊದಲ ವರ್ಷ ನಾವು ಪಟ್ಟಿ ಹಾಕಿ, ಅಂದ್ರೆ ಎಲ್ಲರಿಂದ ಸ್ವಲ್ಪ ಸ್ವಲ್ಪ ರೊಕ್ಕ ಕೂಡಿಸಿ, ಒಂದು ಥೀಮ್ ಕೊಂಡ್ವಿ. ಅಪ್‌ಲೋಡ್ ಮಾಡಿದ ಕೂಡಲೇ "ಸ್ಟೈಲ್‌ಶೀಟ್ ಕಾಣೆಯಾಗಿದೆ, ಇನ್‌ಸ್ಟಾಲ್ ಆಗಲ್ಲ" ಅಂತ ಬಂತು. ರೊಕ್ಕ ನೀರಾಗ ಹೋತು ಅಂದ್ಕೊಂಡೆ. ಕಾರಣ ಬಹಳ ಸಣ್ಣದು. ಕೊಂಡ ಥೀಮ್ ಸಾಮಾನ್ಯವಾಗಿ ಒಂದು ದೊಡ್ಡ ಜಿಪ್ ಫೈಲ್‌ನಲ್ಲಿ ಬರುತ್ತೆ. ಅದರೊಳಗೆ ಬಳಕೆ ಕೈಪಿಡಿ, ಲೈಸೆನ್ಸ್ ಕಾಗದ, ಚಿತ್ರಗಳು, ಅವುಗಳ ನಡುವೆ ಇನ್ನೊಂದು ಜಿಪ್. ಆ ಒಳಗಿನ ಜಿಪ್ಪೇ ನಿಜವಾದ ಥೀಮ್. ವರ್ಡ್‌ಪ್ರೆಸ್ ಹುಡುಕೋದು ಥೀಮ್ ಫೋಲ್ಡರ್‌ನಲ್ಲಿರೋ ಸ್ಟೈಲ್ ಡಾಟ್ ಸಿಎಸ್ಎಸ್ ಅನ್ನೋ ಫೈಲ್. ಹೊರಗಿನ ಜಿಪ್ ಕೊಟ್ಟರೆ ಅದಕ್ಕೆ ಸಿಗೋದು ಕೈಪಿಡಿ. ಬಿಚ್ಚಿ, ಒಳಗಿನದನ್ನ ಕೊಡ್ರಿ, ಮುಗೀತು.

ಎರಡನೇದು, "ನೀವು ಬಂದ ಲಿಂಕ್‌ನ ಅವಧಿ ಮುಗಿದಿದೆ" ಅನ್ನೋ ಸಂದೇಶ. ಇದು ಬಹಳ ಮಂದಿಯನ್ನ ದಾರಿ ತಪ್ಪಿಸುತ್ತೆ. ಲಿಂಕ್‌ಗೇನೂ ಆಗಿರಲ್ಲ, ಫೈಲ್ ದೊಡ್ಡದಾಗಿರುತ್ತೆ. ಸರ್ವರ್‌ನಲ್ಲಿ ಪಿಎಚ್‌ಪಿಗೆ ಎರಡು ಮಿತಿ ಇರುತ್ತೆ. ಒಂದು ಫೈಲ್ ಎಷ್ಟು ದೊಡ್ಡದಿರಬಹುದು ಅನ್ನೋದು, ಮೂಲದಲ್ಲಿ 2 ಎಂಬಿ. ಇನ್ನೊಂದು ಒಮ್ಮೆಗೆ ಕಳಿಸೋ ಒಟ್ಟು ಮಾಹಿತಿಗೆ, ಮೂಲದಲ್ಲಿ 8 ಎಂಬಿ. ಹೋಸ್ಟಿಂಗ್‌ನವರು ಇದನ್ನ ಏರಿಸಿರ್ತಾರೆ, ಏರಿಸದೇನೂ ಇರ್ತಾರೆ. ಅವರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮಿತಿ ಹೆಚ್ಚಿಸ್ರಿ. ಇಲ್ಲಾಂದ್ರೆ ಫೈಲ್ ಮ್ಯಾನೇಜರ್ ತೆಗೆದು, ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್ ಒಳಗಿನ ಥೀಮ್ಸ್ ಫೋಲ್ಡರ್‌ಗೆ ನೇರವಾಗಿ ಹಾಕಿ ಅಲ್ಲೇ ಬಿಚ್ರಿ.

ಮೂರನೇದು, "ಪೇರೆಂಟ್ ಥೀಮ್ ಇಲ್ಲ." ಪುಣೆಯಲ್ಲಿರೋ ಗೆಳೆಯ ಬಣ್ಣ ಬದಲಿಸಿ ಒಂದು ಚೈಲ್ಡ್ ಥೀಮ್ ಮಾಡಿಕೊಟ್ಟಿದ್ದ. ಚೈಲ್ಡ್ ಥೀಮ್ ಒಂಟಿಯಾಗಿ ನಿಲ್ಲಲ್ಲ. ತಾಯಿ ಥೀಮ್ ಇರಬೇಕು, ಅದರ ಫೋಲ್ಡರ್ ಹೆಸರು ಮಗುವಿನ ಸ್ಟೈಲ್ ಫೈಲ್‌ನ ಟೆಂಪ್ಲೇಟ್ ಸಾಲಿನಲ್ಲಿ ಅಕ್ಷರಕ್ಕೆ ಅಕ್ಷರ ಇರಬೇಕು. ನಮ್ಮ ಫೋಲ್ಡರ್ ಹೆಸರಿನ ಕೊನೆಗೆ ಒಂದು "-1" ಸೇರ್ಕೊಂಡಿತ್ತು, ಅಷ್ಟೇ. ಎರಡು ದಿನ ತಲೆ ಕೆರ್ಕೊಂಡಿದ್ದೆ.

ಇವೆಲ್ಲಾ ದಾಟಿ ಥೀಮ್ ಕೂತ ಮೇಲೂ ಸದಸ್ಯರ ಪುಟ ಒತ್ತಿದ್ರೆ "ಪುಟ ಸಿಗಲಿಲ್ಲ" ಅಂತ ಬಂದ್ರೆ ಥೀಮನ್ನ ಬಯ್ಯಬೇಡ್ರಿ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆಗೀರಿ, ಅದು "ಪ್ಲೇನ್" ಅಂತಿದ್ರೆ ಬೇರೆಯದು ಆರಿಸಿ ಸೇವ್ ಒತ್ರಿ. ಇನ್ನೊಂದು, 2023ರ ಡಿಸೆಂಬರ್‌ನಲ್ಲಿ ಬಂದ ಬಡ್ಡಿಪ್ರೆಸ್ 12 ವಿಳಾಸಗಳ ಒಳಪದ್ಧತಿಯನ್ನೇ ಬದಲಾಯಿಸಿತು. ಹಳೇ ಪದ್ಧತಿ ನೆಚ್ಚಿಕೊಂಡ ಥೀಮ್ ನಿಮ್ಮದಾಗಿದ್ರೆ, ಬಿಪಿ ಕ್ಲಾಸಿಕ್ ಅನ್ನೋ ಪ್ಲಗಿನ್ ಜೊತೆಗೆ ಹಾಕಿ ನೋಡ್ರಿ.

ಆ ರಾತ್ರಿ

ಒಂದು ವರ್ಷ ಸೈಟ್ ಚೆನ್ನಾಗಿ ನಡೀತು. ಇನ್ನೂರರ ಹತ್ತಿರ ಸದಸ್ಯರಾದ್ರು. ಸೀಟ್ ಹಂಚಿಕೆಯ ಸಮಯ ಬರೋ ಮೊದಲು ಹೊಸ ರೂಪ ಕೊಡೋಣ ಅನ್ನಿಸ್ತು. ಮತ್ತೆ ಪಟ್ಟಿ ಹಾಕೋಕೆ ಸಂಕೋಚ. "ಹ್ವಾದ ವರ್ಸ ಕೊಟ್ಟೀವಲ್ಲೋ" ಅಂತಾರೆ ಅಂತ. ಆಗ ಒಂದು ಟೆಲಿಗ್ರಾಂ ಚಾನೆಲ್‌ನಲ್ಲಿ, ರೊಕ್ಕ ಕೊಟ್ಟು ಕೊಳ್ಳೋ ಥೀಮ್ ಒಂದು ಪುಕ್ಕಟೆ ಸಿಕ್ತು. ಬ್ಯಾಕಪ್ ಮೂರು ದಿನದ ಹಿಂದಿಂದು ಇತ್ತು. ಸಾಕು ಅಂದ್ಕೊಂಡು ಸಂಜೆ ಏಳಕ್ಕೆ ನಡೀತಿರೋ ಸೈಟ್‌ಗೇ ಹಾಕಿಬಿಟ್ಟೆ.

ಪರದೆ ಬೆಳ್ಳಗಾಯ್ತು. ಅಡ್ಮಿನ್ ಪುಟವೂ ತೆರೀಲಿಲ್ಲ.

ಇಂಥ ಹೊತ್ತಿಗಂತಲೇ 2019ರಿಂದ ವರ್ಡ್‌ಪ್ರೆಸ್‌ನಲ್ಲಿ ರಿಕವರಿ ಮೋಡ್ ಇದೆ. ಸೈಟ್ ಕೆಟ್ಟರೆ ಅಡ್ಮಿನ್ ಮೇಲ್‌ಗೆ ಒಂದು ಲಿಂಕ್ ಬರುತ್ತೆ. ನನ್ನ ಲಿಂಕ್ ಹೋಗಿದ್ದು ಕಾಲೇಜಿನಲ್ಲಿದ್ದಾಗ ಮಾಡಿದ ಹಳೇ ಐಡಿಗೆ, ಅದರ ಪಾಸ್‌ವರ್ಡ್ ನನಗೇ ನೆನಪಿಲ್ಲ. ಇವತ್ತೇ ಹೋಗಿ ನಿಮ್ಮ ಸೈಟ್‌ನ ಅಡ್ಮಿನ್ ಮೇಲ್ ಯಾವುದು ಅಂತ ನೋಡ್ರಿ, ದಯವಿಟ್ಟು.

ಉಳಿದ ದಾರಿ ಫೈಲ್ ಮ್ಯಾನೇಜರ್. ಥೀಮ್ಸ್ ಫೋಲ್ಡರ್‌ನಲ್ಲಿ ಆ ಥೀಮ್‌ನ ಹೆಸರು ಬದಲಿಸಿದೆ. ಅಡ್ಮಿನ್‌ಗೆ ಒಳಗೆ ಹೋಗೋಕೆ ಬಂತು. ಅಪಿಯರೆನ್ಸ್‌ನಲ್ಲಿ ಥೀಮ್ಸ್ ಪುಟ ತೆರೆದ ತಕ್ಷಣ, ಚಾಲ್ತಿ ಥೀಮ್ ಸಿಗ್ತಿಲ್ಲ ಅಂತ ವರ್ಡ್‌ಪ್ರೆಸ್ ತಾನೇ ಡೀಫಾಲ್ಟ್ ಥೀಮ್‌ಗೆ ಮರಳಿತು. ಹತ್ತು ಮುಕ್ಕಾಲಿಗೆ ಸೈಟ್ ಎದ್ದು ನಿಂತಿತು. ಚಂದ ಇರಲಿಲ್ಲ, ಆದರೆ ಓದೋಕೆ ಬರ್ತಿತ್ತು. ಕಾಕಾಗೆ ಫೋನ್ ಮಾಡಿದೆ. "ಬಂತು ತಮ್ಮಾ, ನಂಬರ್ ಬರ್ಕೊಂಡೆ" ಅಂದ್ರು. ಮರುದಿನ ಮಗಳನ್ನ ಕರ್ಕೊಂಡು ಹೊರಟರು.

ಇಲ್ಲಿಗೆ ಕತೆ ಮುಗೀಬೇಕಿತ್ತು. ಆದ್ರೆ ಯಾಕೆ ಕೆಟ್ಟಿತು ಅಂತ ತಿಳ್ಕೊಳ್ಳದೆ ಮಲಗೋಕೆ ಮನಸ್ಸಾಗಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲೇ ಒಂದು ಖಾಲಿ ವರ್ಡ್‌ಪ್ರೆಸ್ ಹಾಕಿ, ಕಾನ್ಫಿಗ್ ಫೈಲ್‌ನಲ್ಲಿ ಡೀಬಗ್ ಮತ್ತು ಡೀಬಗ್ ಲಾಗ್ ಆನ್ ಮಾಡಿ, ಅದೇ ಥೀಮ್ ಕೂರಿಸಿದೆ. ಲಾಗ್‌ನಲ್ಲಿ ಕಾರಣ ಸ್ಪಷ್ಟವಾಗಿತ್ತು. ಅದು ಹಳೇ ಥೀಮ್. ಕ್ರಿಯೇಟ್-ಫಂಕ್ಷನ್ ಅನ್ನೋ ಆಜ್ಞೆ ಬಳಸಿತ್ತು. ಪಿಎಚ್‌ಪಿ 8ರಲ್ಲಿ ಆ ಆಜ್ಞೆಯನ್ನೇ ತೆಗೆದುಹಾಕಿದ್ದಾರೆ.

ಆ ಸಾಲು ನೋಡೋಕೆ ಫಂಕ್ಷನ್ಸ್ ಫೈಲ್ ತೆರೆದಾಗ, ಅದಕ್ಕಿಂತ ಮೇಲೆ, ಫೈಲ್‌ನ ತಲೆಯಲ್ಲೇ, ಇನ್ನೊಂದು ಸಾಲು ಕಂಡಿತು. ಅರ್ಥವಿಲ್ಲದ ಅಕ್ಷರಗಳ ಉದ್ದನೆ ಸರಪಳಿ. ಅದರ ಮುಂದೆ, ಇದನ್ನ ಬಿಚ್ಚಿ ಓಡಿಸು ಅನ್ನೋ ಆಜ್ಞೆ. ಕೋಡ್ ಬರೆಯೋರು ಮರ್ಯಾದೆಯ ಕೆಲಸಕ್ಕೆ ಹಿಂಗೆ ಮುಚ್ಚಿ ಬರೆಯಲ್ಲ. ಸೈಟ್ ಕೆಟ್ಟಿದ್ದು ಕೆಳಗಿನ ಸಾಲಿಗೆ ಬಂದಾಗ. ಅಂದ್ರೆ ಮೇಲಿನ ಸಾಲು ಅಷ್ಟರಲ್ಲಿ ಓಡಿಯಾಗಿತ್ತು. ಏಳರಿಂದ ಹತ್ತು ಮುಕ್ಕಾಲರವರೆಗೆ, ಯಾರು ಸೈಟ್ ತೆರೆದರೂ ಪ್ರತಿ ಸಲ.

ಸೈಟ್‌ನಲ್ಲಿ ಇನ್ನೂರು ಜನರ ಫೋನ್ ನಂಬರ್ ಇತ್ತು. ಹುಡುಗಿಯರು ಯಾವ ಊರಲ್ಲಿ, ಯಾವ ಏರಿಯಾದಲ್ಲಿ ಉಳ್ಕೊಂಡಿದ್ದಾರೆ ಅನ್ನೋದಿತ್ತು. ಸೈಟ್ ಮತ್ತೆ ನಡೀತಿದೆ. ಯಾರಿಗೂ ಅನುಮಾನ ಇಲ್ಲ. ಸುಮ್ಮನಿದ್ದಿದ್ರೆ ನಡೀತಿತ್ತು. ಖರೇ ಹೇಳ್ತೀನಿ, ಅರ್ಧ ತಾಸು ಹಂಗೇ ಯೋಚಿಸಿದೆ.

ಆಮೇಲೆ ಸೈಟನ್ನ ಪೂರ್ತಿ ಇಳಿಸಿದೆ. ಮೂರು ದಿನದ ಹಿಂದಿನ ಬ್ಯಾಕಪ್ ಹಾಕಿದೆ. ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳನ್ನ ಮೂಲ ಜಾಗದಿಂದ ಹೊಸದಾಗಿ ಇಳಿಸಿಕೊಂಡೆ. ನಮಗೆ ಗೊತ್ತಿಲ್ಲದ ಅಡ್ಮಿನ್ ಯಾರಾದ್ರೂ ಸೇರಿದ್ದಾರಾ, ಫೋಟೋ ಇರಬೇಕಾದ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಫೈಲ್ ಇದೆಯಾ ನೋಡಿದೆ. ಹೋಸ್ಟಿಂಗ್, ಡೇಟಾಬೇಸ್, ಅಡ್ಮಿನ್ ಎಲ್ಲಾ ಪಾಸ್‌ವರ್ಡ್ ಬದಲಿಸಿದೆ. ಕಾನ್ಫಿಗ್ ಫೈಲ್‌ನ ರಹಸ್ಯ ಕೀಲಿಗಳನ್ನೂ ಬದಲಿಸಿದೆ. ಅವನ್ನ ಬದಲಿಸಿದ್ರೆ ಒಳಗಿರೋ ಎಲ್ಲರೂ ತಾವಾಗೇ ಲಾಗ್‌ಔಟ್ ಆಗ್ತಾರೆ.

ಬೆಳಗ್ಗೆ ಆರಕ್ಕೆ ವಾಟ್ಸಾಪ್ ಗ್ರೂಪ್‌ನಲ್ಲಿ ಬರೆದೆ: "ಇದು ನನ್ನ ತಪ್ಪು. ಪುಕ್ಕಟೆ ಥೀಮ್ ಹಾಕಿದ್ದೆ. ನಿಮ್ಮ ಮಾಹಿತಿ ಹೊರಗೆ ಹೋಗಿರಬಹುದು. ಪಾಸ್‌ವರ್ಡ್ ಬದಲಿಸ್ರಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ರೆ ಅಲ್ಲೂ ಬದಲಿಸ್ರಿ. ಗೊತ್ತಿಲ್ಲದ ಫೋನ್ ಬಂದು ಓಟಿಪಿ ಕೇಳಿದ್ರೆ ಕೊಡಬೇಡ್ರಿ."

ಕೆಲವರು ಬೈದ್ರು. ಐದಾರು ಜನ ಸೈಟ್ ಬಿಟ್ಟೇ ಹೋದ್ರು, ಇನ್ನೂ ವಾಪಸ್ ಬಂದಿಲ್ಲ. ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡೋ ಅಣ್ಣಾ ಒಬ್ರು ಫೋನ್ ಮಾಡಿ, "ರೊಕ್ಕಾ ಬೇಕಿದ್ರ ಕೇಳಬೇಕಪಾ, ಕೇಳಾಕ ನಾಚಿಕಿ ಯಾಕ?" ಅಂದ್ರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ನಾಟಿತು. ಲಗ್ನಕ್ಕೆ 5 ನಾಣ್ಯ ಅಂತ ಕಲ್ಲಿನಲ್ಲಿ ಕೆತ್ತಿಸಿದ ಊರು ನಮ್ಮದು. ಕೇಳೋದು ನಾಚಿಕೆ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ.

ಈಗ ಏನು ಮಾಡ್ತೀವಿ

ಈಗ ನಮ್ಮದು ವರ್ಡ್‌ಪ್ರೆಸ್‌ನ ಅಧಿಕೃತ ಪಟ್ಟಿಯಲ್ಲಿರೋ ಪುಕ್ಕಟೆ ಥೀಮ್, ಜೊತೆಗೆ ನೂವೋ. ಪುಕ್ಕಟೆ ಅನ್ನೋದು ತಪ್ಪಲ್ಲ, ಎಲ್ಲಿಂದ ಬಂತು ಅನ್ನೋದು ಮುಖ್ಯ.

ಕನ್ನಡಕ್ಕೆ ಒಂದು ತಕರಾರು ಇತ್ತು. ಇಂಗ್ಲಿಷ್‌ಗೆ ಅಂತ ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಕಡಿಮೆ ಇರುತ್ತೆ. ನಮ್ಮ ಒತ್ತಕ್ಷರ ಕೆಳಗೆ ಇಳೀತಾವಲ್ಲ, ಅವು ಕೆಳಗಿನ ಸಾಲಿಗೆ ತಾಗ್ತಾವೆ, ಇಲ್ಲಾ ಕತ್ತರಿಸಿ ಹೋಗ್ತಾವೆ. ಸಾಲಿನ ಎತ್ತರ 1.6ರ ಹತ್ತಿರ ಇಟ್ವಿ, ಅಕ್ಷರಗಳ ನಡುವಿನ ಅಂತರ ಸೊನ್ನೆ ಮಾಡಿದ್ವಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದ್ವಿ. ಈಗ ಫೋನ್‌ನಲ್ಲಿ ಓದೋಕೆ ಹಾಯಾಗಿದೆ.

ಹೊಸ ಥೀಮ್ ನೋಡಬೇಕಾದ್ರೆ ಮೊದಲು ಬ್ಯಾಕಪ್, ಆಮೇಲೆ ಬೇರೆ ಜಾಗದಲ್ಲಿ ಸೈಟ್‌ನ ನಕಲು, ಅಲ್ಲಿ ಪರೀಕ್ಷೆ. ಏನಾದ್ರೂ ಕೆಟ್ಟರೆ ಮೊದಲ ಪ್ರಶ್ನೆ ಒಂದೇ: ಡೀಫಾಲ್ಟ್ ಥೀಮ್ ಹಾಕಿದ್ರೂ ಕೆಟ್ಟೇ ಇದೆಯಾ? ಸರಿಯಾದ್ರೆ ತಪ್ಪು ಥೀಮ್‌ನದು. ಸರಿಯಾಗದಿದ್ರೆ ಪ್ಲಗಿನ್‌ಗಳನ್ನ ಒಂದೊಂದಾಗಿ ಆಫ್ ಮಾಡಿ ನೋಡ್ರಿ. ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್ ಅನ್ನೋ ಪ್ಲಗಿನ್ ಇದ್ರೆ ಇದನ್ನೆಲ್ಲಾ ನಿಮಗೊಬ್ಬರಿಗೇ ಕಾಣೋ ಹಂಗೆ ಮಾಡಬಹುದು, ಉಳಿದವರ ಪಾಲಿಗೆ ಸೈಟ್ ಎಂದಿನಂತೆ ನಡೀತಿರುತ್ತೆ.

ಫೋನ್ ನಂಬರ್‌ಗಳನ್ನ ಸೈಟ್‌ನಿಂದ ತೆಗೆದ್ವಿ. ಈಗ ಬೇಕಾದವರು ಸಂದೇಶ ಕಳಿಸಿ ಕೇಳ್ತಾರೆ, ಇಷ್ಟ ಇದ್ದವರು ಕೊಡ್ತಾರೆ. ಅಡ್ಮಿನ್ ಮೇಲ್‌ನ ಬಾಗಿಲು ಈಗ ಇಬ್ಬರ ಕೈಯಲ್ಲಿದೆ. ಎರಡನೆಯವಳು ಯಾರು ಗೊತ್ತಾ? ಅವತ್ತು ಬೆಂಗಳೂರಿಗೆ ಹೋದ ಕಾಕಾರ ಮಗಳು. ಕಂಪ್ಯೂಟರ್ ಸೈನ್ಸ್ ಓದ್ತಿದ್ದಾಳೆ. ಹೋದ ತಿಂಗಳು ನಾನು ಒಂದು ಪ್ಲಗಿನ್ ಹಾಕೋಣ ಅಂದೆ. "ಅಣ್ಣಾ, ಮೊದಲ ಅದು ಎಲ್ಲಿಂದ ತಂದಿ ಹೇಳು" ಅಂದ್ಲು.

ಬರ್ತೀನ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.