ಎಲ್ಕ್ ಬೇಟೆ ಮತ್ತು ಕೊಟ್ಟ ಮಾತು



ವ್ಯೋಮಿಂಗ್‌ನ ಬಿಗ್‌ಹಾರ್ನ್ ಅರಣ್ಯದಲ್ಲಿ ಪ್ರತಿ ಶರತ್ಕಾಲವೂ ಬೇಟೆಗಾರರು ಕವಲುಕೊಂಬಿನ ಗಂಡು ಎಲ್ಕ್ ಜಿಂಕೆಯನ್ನು ಅರಸಿ ದುರ್ಗಮ ಕಣಿವೆಗಳಿಗೆ ಇಳಿಯುತ್ತಾರೆ. ಪರವಾನಗಿಯಿದ್ದರೆ ಅದು ಕ್ರೀಡೆ. ದೊಡ್ಡ ಕೊಂಬು ಗೋಡೆಯ ಹೆಮ್ಮೆ.

2014ರ ಜನವರಿಯಲ್ಲಿ ಕ್ರೋ ಬುಡಕಟ್ಟಿನ ಕ್ಲೇವಿನ್ ಹೆರೆರಾ ಮತ್ತು ಸಂಗಡಿಗರು ಮೊಂಟಾನಾದ ತಮ್ಮ ಮೀಸಲು ಪ್ರದೇಶದಿಂದ ಎಲ್ಕ್ ಹಿಂಡಿನ ಜಾಡು ಹಿಡಿದು ಅದೇ ಅರಣ್ಯಕ್ಕೆ ಬಂದರು. ಬೇಟೆಯ ಮಾಂಸವನ್ನು ಮನೆಗೆ ಒಯ್ದರು. ರಾಜ್ಯವು ಅದನ್ನು ಅಪರಾಧವೆಂದಿತು. ಹೆರೆರಾ 1868ರ ಒಪ್ಪಂದವನ್ನು ಮುಂದಿಟ್ಟರು. ಮೂರು ಕೋಟಿ ಎಕರೆಗೂ ಮಿಕ್ಕ ನೆಲವನ್ನು ಬಿಟ್ಟುಕೊಟ್ಟ ಕ್ರೋ ಜನರಿಗೆ, ಯಾರೂ ನೆಲೆಸಿರದ ಸರ್ಕಾರಿ ಭೂಮಿಯಲ್ಲಿ ಬೇಟೆಯಾಡುವ ಹಕ್ಕನ್ನು ಅದು ಉಳಿಸಿತ್ತು. 1890ರಲ್ಲಿ ತಾನು ರಾಜ್ಯವಾದೊಡನೆ ಆ ಹಕ್ಕು ಅಳಿಯಿತೆಂದು ವ್ಯೋಮಿಂಗ್ ವಾದಿಸಿತು. ಅಳಿದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ತೀರ್ಪಿತ್ತರು.

ಎಲ್ಕ್ ಸಂತತಿ ಉಳಿಯಲು ನಿಯಮಗಳು ಬೇಕು, ನಿಜ. ಸಂರಕ್ಷಣೆಯ ಪ್ರಶ್ನೆಯನ್ನು ನ್ಯಾಯಾಲಯವೂ ತೆರೆದಿಟ್ಟಿದೆ. ಆದರೆ ಆ ನಿಯಮಗಳನ್ನು ರೂಪಿಸುವಾಗ ನೆಲ ಬಿಟ್ಟುಕೊಟ್ಟವರ ಮಾತಿಗೂ ತೂಕವಿರಬೇಕು. ಇಂತಹ ಒಪ್ಪಂದಗಳ ಮೂಲಕವೇ ಈ ದೇಶದ ಬಹಳಷ್ಟು ಭೂಮಿ ಕೈಬದಲಾಗಿದೆ. ಇಲ್ಲಿಗೆ ವಲಸೆ ಬಂದು ಮನೆ ಕಟ್ಟಿಕೊಂಡಿರುವ ನಾವೂ ಆ ಮಾತಿನ ಋಣದಲ್ಲಿದ್ದೇವೆ.