ಸಂಘದ ಕಂಪ್ಯೂಟರಿನ ಮೈಬಿಸಿ ನೋಡುವ ಬಗೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಎದ್ದು ನಿಂತನೆಂದರೆ ಗೊಬ್ಬರದ ಗುಂಡಿಯನ್ನೋ ಬೀಜೋಪಚಾರವನ್ನೋ ಕುರಿತು ಹೇಳುತ್ತಾನೆಂದು ನೀವು ಎಣಿಸಿರುತ್ತೀರಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಗೋ ಆ ಮೂಲೆಯಲ್ಲಿ ಕುಳಿತಿರುವ ಕಂಪ್ಯೂಟರಿನ ವಿಷಯ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಯಂತ್ರದ ಪಂಡಿತನಲ್ಲ. ಆದರೆ ನಿಮ್ಮ ಹಾಲಿನ ಅಳತೆ, ಫ್ಯಾಟಿನ ಅಂಕಿ, ಬಟವಾಡೆಯ ಲೆಕ್ಕ ಎಲ್ಲವೂ ಅದರ ಹೊಟ್ಟೆಯಲ್ಲಿರುವುದರಿಂದ ಅದರ ಆರೋಗ್ಯವು ನಿಮ್ಮ ಕೊಟ್ಟಿಗೆಯ ಆರೋಗ್ಯದಷ್ಟೇ ನಿಮಗೆ ಸೇರಿದ್ದು.

2024ರ ಏಪ್ರಿಲ್ ತಿಂಗಳು ನೆನಪಿದೆಯಷ್ಟೆ? ಸಂಜೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರು ತಾನಾಗಿಯೇ ಆರಿಹೋಗುತ್ತಿತ್ತು. ಮತ್ತೆ ಹಚ್ಚಿದರೆ ಕಾಲು ಗಂಟೆ ನಡೆದು ಮತ್ತೆ ಆರುತ್ತಿತ್ತು. ಸಾಲು ರಸ್ತೆಯವರೆಗೆ ಬೆಳೆಯಿತು. ಎರಡು ದಿನ ಕೆಲವರ ಹಾಲು ನಿಂತಲ್ಲಿಯೇ ಹುಳಿಯಾಗಿ ಮನೆಗೆ ವಾಪಸು ಹೋಯಿತು. ಚೀಟಿಯನ್ನು ಕೈಯಲ್ಲಿ ಬರೆದರೆ ಅಂಕಿ ತಿದ್ದಿದ್ದಾರೆಂಬ ಮಾತು ಹುಟ್ಟಿ, ಕಾರ್ಯದರ್ಶಿಗಳಿಗೂ ಸದಸ್ಯರಿಗೂ ಮನಸ್ತಾಪವಾಯಿತು. ಒಳಗೆ ವೈರಸ್ ಹೊಕ್ಕಿದೆಯೆಂದರು ಕೆಲವರು. ಪಟ್ಟಣದಿಂದ ಬಂದ ರಿಪೇರಿಯವರು ಮದರ್‌ಬೋರ್ಡನ್ನೇ ಬದಲಾಯಿಸಬೇಕೆಂದರು.

ಕಡೆಗೆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಾಗ ಕಂಡದ್ದೇನು? ಪ್ರೊಸೆಸರಿನ ಫ್ಯಾನಿನ ಕೆಳಗೆ, ಶಾಖ ಹೀರುವ ಅಲ್ಯೂಮಿನಿಯಂ ಹಲ್ಲುಗಳ ಸಂದಿಯಲ್ಲಿ, ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದು ಬೀದಿಯ ಧೂಳಲ್ಲ. ಬೂಸಾ ಮತ್ತು ಹಿಂಡಿಯ ಧೂಳು. ಪಶು ಆಹಾರದ ಚೀಲಗಳನ್ನು ಕಂಪ್ಯೂಟರಿನ ಮಗ್ಗುಲಿಗೇ ಒಟ್ಟಿದವರು ನಾವೇ.

ಬಿಸಿಲೇರಿದಾಗ ದುಡಿಯುವ ಎತ್ತು ಮೊದಲು ಹೆಜ್ಜೆ ನಿಧಾನ ಮಾಡುತ್ತದೆ. ಬಿಡದೆ ಹೊಡೆದರೆ ನೊಗದಲ್ಲಿಯೇ ಮಲಗುತ್ತದೆ. ಪ್ರೊಸೆಸರೂ ಹಾಗೆಯೇ. ಅನೇಕ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು ಗಡಿ. ಅದನ್ನು ಮುಟ್ಟಿದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದರೆ, ಸುಟ್ಟುಹೋಗುವ ಮೊದಲೇ ಯಂತ್ರವು ಆರುತ್ತದೆ. ನಾವು ರೋಗವೆಂದು ತಿಳಿದದ್ದು ಅದರ ಆತ್ಮರಕ್ಷಣೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಶಾಖವನ್ನು ಪೆಟ್ಟಿಗೆ ಬಿಚ್ಚದೆ ತಿಳಿಯಬಹುದು. ಪ್ರೊಸೆಸರಿನ ಒಳಗೇ ಶಾಖ ಅಳೆಯುವ ಕಣ್ಣುಂಟು. ಫ್ಯಾನು ಒಂದು ಸುತ್ತು ತಿರುಗಿದಾಗ ಸಾಮಾನ್ಯವಾಗಿ ಎರಡು ಮಿಡಿತಗಳನ್ನು ಒಂದು ತಂತಿಯ ಮೂಲಕ ಕಳುಹಿಸುತ್ತದೆ. ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪು ಅದನ್ನು ಎಣಿಸಿ ನಿಮಿಷಕ್ಕೆ ಇಷ್ಟು ಸುತ್ತು ಎಂದು ಲೆಕ್ಕ ಹಾಕುತ್ತದೆ. ಒಳಗಿನ ವೋಲ್ಟೇಜುಗಳನ್ನೂ ಅದೇ ಚಿಪ್ಪು ಅಳೆಯುತ್ತದೆ. ಅಂಕಿಗಳು ಹಗಲಿರುಳು ಅಲ್ಲಿಯೇ ಇರುತ್ತವೆ. ಓದುವವರು ಬೇಕು ಅಷ್ಟೆ.

ಓದುವುದಕ್ಕೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಎಂಬ ತಂತ್ರಾಂಶವನ್ನು ನಮ್ಮ ವಿಂಡೋಸ್ ಯಂತ್ರಕ್ಕೆ ಹಾಕಿದ್ದೇವೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಾದರೆ ಎಲ್‌ಎಂ-ಸೆನ್ಸರ್ಸ್ ಎಂಬುದುಂಟು: ‘ಸೆನ್ಸರ್ಸ್-ಡಿಟೆಕ್ಟ್’ ಎಂಬ ಆಜ್ಞೆಯಿಂದ ಚಿಪ್ಪನ್ನು ಹುಡುಕಿಸಿ, ಆಮೇಲೆ ‘ಸೆನ್ಸರ್ಸ್’ ಎಂದರೆ ಸಾಕು. ಹುಡುಕುವಾಗ ಅದು ಪ್ರಶ್ನೆ ಕೇಳುತ್ತದೆ; ಅದೇ ಸೂಚಿಸಿದ ಉತ್ತರವನ್ನು ಒಪ್ಪಿ ಮುಂದುವರಿಯಿರಿ, ಹೆಚ್ಚಿನ ಸಾಹಸ ಬೇಡ.

ಎರಡಕ್ಕೂ ಕಾಸು ಕೊಡಬೇಕಾಗಿಲ್ಲ. ಇವು ಮೂಲಬರಹವನ್ನು ಎಲ್ಲರಿಗೂ ತೆರೆದಿಟ್ಟ ಮುಕ್ತ ತಂತ್ರಾಂಶಗಳು. ಪಕ್ಕದ ಹೊಲದವರಿಂದ ರಾಗಿ ಬೀಜ ತಂದು ಬಿತ್ತಿ, ಬೆಳೆದು, ಇನ್ನೊಬ್ಬರಿಗೆ ಕೊಡುವಂತೆಯೇ ಇದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ಬೀಜವನ್ನು ನಂಬಿಕೆಯ ಮನೆಯಿಂದ ತರುತ್ತೀರಲ್ಲವೆ? ತಂತ್ರಾಂಶವನ್ನೂ ಅದನ್ನು ಮಾಡಿದವರ ಸ್ವಂತ ಜಾಗದಿಂದಲೇ ಇಳಿಸಿಕೊಳ್ಳಬೇಕು; ಹೊಸ ಆವೃತ್ತಿಯನ್ನೇ ಹಾಕಬೇಕು. ಇದರ ಹಳೆಯ ಆವೃತ್ತಿಗಳು ವಿನ್‌ರಿಂಗ್‌ಜೀರೋ ಎಂಬ ಡ್ರೈವರನ್ನು ಬಳಸುತ್ತಿದ್ದವು. ಅದರಲ್ಲಿ ಕಳ್ಳರು ನುಗ್ಗಬಹುದಾದ ಕಿಂಡಿ ಇದ್ದುದರಿಂದ 2025ರಲ್ಲಿ ವಿಂಡೋಸಿನ ಡಿಫೆಂಡರು ಅದನ್ನು ಹಿಡಿದು ಎಚ್ಚರಿಕೆ ಕೊಟ್ಟಿತು. ಬಟವಾಡೆಯ ಲೆಕ್ಕವಿರುವ ಯಂತ್ರದಲ್ಲಿ ಈ ವಿಷಯದಲ್ಲಿ ಉದಾಸೀನ ಸಲ್ಲದು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ತಂತ್ರಾಂಶವನ್ನು ಹಾಕಿದ ಮೊದಲ ದಿನ ಒಂದು ಸಾಲಿನಲ್ಲಿ 127 ಡಿಗ್ರಿ ಕಂಡಿತು. ನಾನು ಗಾಬರಿಯಾಗಿ ಯಂತ್ರವನ್ನು ಆರಿಸಿಸಿದೆ. ಆ ಸಂಜೆಯೂ ಕೈಚೀಟಿಯೇ ಆಯಿತು, ನಾಲ್ಕು ಮಾತು ನನಗೂ ಬಿದ್ದವು. ಪೆಟ್ಟಿಗೆಯನ್ನು ಮುಟ್ಟಿದರೆ ತಣ್ಣಗಿತ್ತು! ಆ ಸಾಲಿಗೆ ಯಾವ ಶಾಖಮಾಪಕವೂ ಜೋಡಣೆಯಾಗಿರಲಿಲ್ಲ. ಏನೂ ಜೋಡಿಸದ ಕಡೆ ಚಿಪ್ಪು ತನಗೆ ಬರೆಯಲು ಬರುವ ಅತಿ ದೊಡ್ಡ ಅಂಕಿಯನ್ನು ತೋರಿಸುವುದುಂಟು. ಫ್ಯಾನಿನ ಸಾಲಿನಲ್ಲಿ ಸೊನ್ನೆ ಇದ್ದರೂ ಹಾಗೆಯೇ. ಅಲ್ಲಿ ಫ್ಯಾನೇ ಇಲ್ಲದಿರಬಹುದು. ಮೇಯುತ್ತಿರುವ ಕರುವಿಗೆ ಸಾಯುವಷ್ಟು ಜ್ವರವೆಂದು ಥರ್ಮಾಮೀಟರು ಹೇಳಿದರೆ ನೀವು ಮೊದಲು ಥರ್ಮಾಮೀಟರನ್ನು ಒದರಿ ನೋಡುತ್ತೀರಿ. ನಾನು ನೋಡಲಿಲ್ಲ.

ಆದುದರಿಂದ ಒಂದು ದಿನದ ಅಂಕಿಯನ್ನು ನೋಡಿ ತೀರ್ಮಾನಿಸಬಾರದು. ಯಂತ್ರ ಚೆನ್ನಾಗಿರುವಾಗ ಅದರ ಅಂಕಿ ಎಷ್ಟು ಎಂಬುದನ್ನು ಬರೆದಿಟ್ಟು, ಅದರೊಡನೆಯೇ ಹೋಲಿಸಬೇಕು. ಧೂಳು ತೆಗೆಯುವ ಮುನ್ನ ನಮ್ಮ ಪ್ರೊಸೆಸರು ಸಂಜೆಯ ಹೊತ್ತಿಗೆ 94ಕ್ಕೆ ಏರುತ್ತಿತ್ತು. ತೆಗೆದ ಮೇಲೆ ಅದೇ ಕೆಲಸಕ್ಕೆ 63. ಫ್ಯಾನಿನ ಸುತ್ತು ಹೆಚ್ಚಿ, ಶಾಖವೂ ಹೆಚ್ಚಿದರೆ ಗಾಳಿಯ ದಾರಿ ಕಟ್ಟಿದೆಯೆಂದು ಶಂಕಿಸಿರಿ. ಶಾಖ ಏರುತ್ತಿದ್ದರೂ ಸುತ್ತು ಇಳಿಯುತ್ತಿದ್ದರೆ ಫ್ಯಾನಿನ ಬೇರಿಂಗು ಸವೆದಿರಬಹುದು. ಹೊಸ ಫ್ಯಾನು ಹಾಕಿಸಿ. ತಂತ್ರಾಂಶದಲ್ಲಿ ಈಗಿನ ಅಂಕಿಯ ಪಕ್ಕದಲ್ಲಿ ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತೆಂಬುದೂ ಇರುತ್ತದೆ; ನನಗೆ ಬೇಕಾದದ್ದು ಆ ಅಂಕಿ.

ವೋಲ್ಟೇಜಿನ ವಿಷಯದಲ್ಲಿ ಒಂದು ಭ್ರಮೆ ಬೇಡ. ಇಲ್ಲಿ ಕಾಣುವುದು ಪಂಪ್‌ಸೆಟ್ಟಿಗೆ ಬರುವ ಲೈನಿನ ವೋಲ್ಟೇಜಲ್ಲ. ಪವರ್ ಸಪ್ಲೈ ಇಳಿಸಿಕೊಟ್ಟ 12, 5 ಮತ್ತು 3.3 ವೋಲ್ಟು. ಇವು ನೂರಕ್ಕೆ ಐದರಷ್ಟು ಆಚೀಚೆ ಆಗಬಹುದು. ಅಂದರೆ 12ರ ಸಾಲು 11.4ರಿಂದ 12.6ರೊಳಗೆ ಇರಬೇಕು. ಹೊರಗೆ ಕಂಡರೆ ಮೀಟರು ಹಿಡಿದು ಅಳೆಸಿದ ಮೇಲೆಯೇ ಖರ್ಚಿನ ಮಾತು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿಯ 3 ವೋಲ್ಟಿನ ಸಾಲನ್ನೂ ನೋಡಿರಿ. ಅದು ಸೊರಗಿದರೆ ಕರೆಂಟು ಹೋಗಿ ಬಂದಾಗ ಯಂತ್ರ ತಾರೀಕನ್ನೇ ಮರೆಯುತ್ತದೆ. ಇವತ್ತಿನ ಹಾಲಿಗೆ ಯಾವುದೋ ವರ್ಷದ ಚೀಟಿ ಬಂದರೆ ಬಟವಾಡೆಯ ದಿನ ಜಗಳ ತಪ್ಪಿದ್ದಲ್ಲ.

ಧೂಳು ತೆಗೆಯುವಾಗ ಪ್ಲಗ್ಗನ್ನು ಕಿತ್ತು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಗಾಳಿ ಊದುವುದಾದರೆ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಕಿಟಕಿಯ ಬಳಿ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ತೂಗುಹಾಕಿದ್ದೇನೆ. ಶನಿವಾರ ಸಂಜೆ ಹಾಲು ಅಳೆದು ಮುಗಿದೊಡನೆ ಐದು ಅಂಕಿಗಳನ್ನು ಅದರಲ್ಲಿ ಬರೆಯತಕ್ಕದ್ದು. ಕಾರ್ಯದರ್ಶಿಗಳಿಗೆ ಬಿಡುವಿಲ್ಲದಿದ್ದರೆ ಪಿಯುಸಿ ಓದುವ ನಿಮ್ಮ ಮಕ್ಕಳು ಬರೆಯಲಿ. ಮೊದಲ ಎರಡು ಶನಿವಾರ ನಾನೇ ಬಂದು ಜೊತೆಗಿರುತ್ತೇನೆ. ಸಭೆ ಮುಗಿದ ಮೇಲೆ ತರುಣರು ನಾಲ್ವರು ದಯವಿಟ್ಟು ನಿಲ್ಲಿ. ಆ ಬೂಸಾ ಚೀಲಗಳನ್ನು ಇಂದೇ ಹಿಂದಿನ ಕೋಣೆಗೆ ಸಾಗಿಸೋಣ.