ರಾಡಿ ದಾರಿಗೆ ಯಾವ ಗಾಡಿ?



ಹತ್ತಿ ಬಿಡಿಸುವ ದಿನಗಳಲ್ಲೇ ಮಳೆ ಹಿಡಿದರೆ ನಮ್ಮ ಗುರುಮಠಕಲ್ ಸೀಮೆಯ ಹೊಲದ ದಾರಿಗಳು ಏನಾಗುತ್ತವೆಂಬುದು ತಮಗೆ ತಿಳಿದದ್ದೇ. ಮಸಾರಿ ನೆಲ ಒಂದೆರಡು ದಿನಕ್ಕೆ ಆರೀತು. ಎರೆ ನೆಲ ಬೇಗ ಆರುವಂಥದ್ದಲ್ಲ. ಅದಕ್ಕೇ ಹಲವರು ಕೇಳುತ್ತಾರೆ: “ಸಾಹೇಬ್ರ, ನಾಲ್ಕೂ ಗಾಲಿ ಎಳಿಯೋ ಪಿಕಪ್ ತಗೊಂಡ್ರ ಹ್ಯಾಂಗ?”

ಸಾಧಾರಣ ಪಿಕಪ್ಪಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ಬರಿ ಗಾಡಿಯ ಹಿಂಭಾಗ ಹಗುರ. ರಾಡಿಯಲ್ಲಿ ಗಾಲಿ ನಿಂತಲ್ಲೇ ತಿರುಗುತ್ತದೆ. ಬೊಲೆರೊ ಪಿಕಪ್, ಟಾಟಾ ಯೋಧ ಇವುಗಳ ಫೋರ್ ವೀಲ್ ಮಾದರಿಗಳಲ್ಲಿ ಮುಂದಿನ ಗಾಲಿಗಳೂ ಎಳೆಯುತ್ತವೆ. ಇದೇನು ಹೊಸ ವಿದ್ಯೆಯಲ್ಲ. ಹಿಂದಿನಿಂದಲೂ ನಮ್ಮ ದೇಶದಲ್ಲಿ ಜೋಡಿಸುತ್ತ ಬಂದ ಜೀಪಿನದೇ ವಿದ್ಯೆ. ಮಸಾರಿ ಏರು, ಹಳ್ಳದ ಉಸುಕು, ಕಲ್ಲು ದಾರಿ, ಇಂಥಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಎರೆ ನೆಲದ ಮಾತು ಬೇರೆ. ಅಂಟು ಮಣ್ಣು ಟಾಯರಿನ ಗೆರೆಗಳಲ್ಲಿ ತುಂಬಿಕೊಂಡಿತೆಂದರೆ ನಾಲ್ಕೂ ಗಾಲಿ ನುಣ್ಣಗಾಗುತ್ತವೆ. ಗಾಡಿಯ ಹೊಟ್ಟೆ ನೆಲಕ್ಕೆ ಕೂತರೆ ಮುಗಿಯಿತು, ಎಳೆಯಲು ಟ್ರಾಕ್ಟರೇ ಬರಬೇಕು. ದೊಡ್ಡ ಗಾಲಿ, ಎತ್ತರದ ಹಲ್ಲು, ಮೆಲ್ಲಗೆ ತಿರುಗುವ ಬಲವಾದ ಗೇರು, ಇವುಗಳಿಂದಾಗಿ ಅಲ್ಲಿ ಟ್ರಾಕ್ಟರಿಗೆ ಪಿಕಪ್ ಸಾಟಿಯಲ್ಲ. ಮೇಲಾಗಿ ಹತ್ತಿ ಉಬ್ಬುವ ಸರಕು. ತೂಕ ತುಂಬುವ ಮೊದಲೇ ಪಿಕಪ್ಪಿನ ಜಾಗ ತುಂಬುತ್ತದೆ. ತೊಗರಿ ಚೀಲವಾದರೆ ಹಾಗಲ್ಲ.

ಡಾಂಬರು ರಸ್ತೆಗೆ ಬಂದ ಮೇಲೆ ಲೆಕ್ಕ ತಿರುಗುತ್ತದೆ. ಯಾದಗಿರಿಯ ಮಾರುಕಟ್ಟೆಗೆ ಸುಮಾರು 40 ಕಿಲೋಮೀಟರ್. ಪಿಕಪ್ ಒಂದು ತಾಸಿನಲ್ಲಿ ಮುಟ್ಟಿದರೆ ಟ್ರಾಲಿ ಹೊತ್ತ ಟ್ರಾಕ್ಟರಿಗೆ ಎರಡು ತಾಸಾದರೂ ಬೇಕು. ಸೊಂಟಕ್ಕೆ ಬೀಳುವ ಪೆಟ್ಟು ಬೇರೆ.

ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್ 2022ರಿಂದ ಮಾರಾಟಕ್ಕಿದೆ. ಗಟ್ಟಿಮುಟ್ಟು, ಕೂಡ್ರಲು ಕಾರಿನಷ್ಟೇ ಸುಖ. ಆದರೆ ಅದರ ರೊಕ್ಕಕ್ಕೆ ಹೆಚ್ಚೂಕಡಿಮೆ ಮೂರು ಪಿಕಪ್ ಬಂದಾವು, ಹೊರುವ ಭಾರವೂ ಪಿಕಪ್ಪಿಗಿಂತ ಕಡಿಮೆ. ಅದು ಸಾಹುಕಾರರ ಸವಾರಿ, ಹೊಲಮನೆಯ ಗಾಡಿಯಲ್ಲ.

ಇನ್ನು ತಾಯಂದಿರ ಮಾತು. ಹತ್ತಿ ಬಿಡಿಸಿ ದಣಿದವರನ್ನು ಹೇರಿನ ಮೇಲೆ ಕೂಡ್ರಿಸಿ ತರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಪಿಕಪ್ ಆಗಲಿ, ಟ್ರಾಲಿಯಾಗಲಿ, ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಗಾಡಿ ಉರುಳಿದರೆ ವಿಮೆಯ ಪರಿಹಾರಕ್ಕೂ ತಕರಾರು ಬರುತ್ತದೆ. ಆಳುಗಳೊಡನೆ ಓಡಾಡುವುದೇ ಹೆಚ್ಚಾದರೆ ಎರಡು ಸಾಲು ಸೀಟಿನ ಮಾದರಿ ನೋಡಿರಿ. ಕಾಗದದಲ್ಲಿ ಬರೆದಷ್ಟೇ ಜನ ಹತ್ತಲಿ.

ಬ್ಯಾಂಕಿಗೆ ಹೋಗುವ ಮುನ್ನ ಗೋಡೆಯ ಕ್ಯಾಲೆಂಡರ್ ಇಳಿಸಿ ಎಣಿಸಿರಿ: ಹೋದ ವರ್ಷ ಮಾರುಕಟ್ಟೆಗೆ ಎಷ್ಟು ಸಾರಿ ಹೋದಿರಿ? ಅದರಲ್ಲಿ ರಾಡಿಯ ದಿನ ಎಷ್ಟು? ವರ್ಷಕ್ಕೆ ಇಪ್ಪತ್ತು ಹೇರು ಸಾಗಿಸುವ ಮನೆಗೆ ಬಾಡಿಗೆಯೇ ಲೇಸು. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವಷ್ಟೆ. ದಿನಾಲು ಹಾಲು, ಕಾಯಿಪಲ್ಲೆ ಸಾಗಿಸುವವರು ಪಿಕಪ್ ಕೊಳ್ಳಬಹುದು. ರಾಡಿ ನಾಲ್ಕೇ ದಿನದ್ದಾದರೆ ಎರಡು ಗಾಲಿ ಎಳೆಯುವುದೇ ಸಾಕು. ಆ ನಾಲ್ಕು ದಿನ ಸರಕನ್ನು ಟ್ರಾಕ್ಟರಿನಲ್ಲಿ ಡಾಂಬರಿನವರೆಗೆ ತಂದು ಹೇರಿಕೊಳ್ಳಿರಿ.

ಫೋರ್ ವೀಲ್ ಗಾಡಿ ಕೊಂಡವರಿಗೆ ಒಂದು ಮಾತು: ಡಾಂಬರಿಗೆ ಬಂದೊಡನೆ ಮುಂದಿನ ಗಾಲಿಗಳ ಗೇರು ಬಿಡಿಸಿರಿ. ಇಲ್ಲವಾದರೆ ಟಾಯರೂ ಗೇರಿನ ಹಲ್ಲುಗಳೂ ಬೇಗನೆ ಸವೆಯುತ್ತವೆ.